ಸ್ಟೆಲ್ವಿಯೊ ಘಾಟಿ: ಗೇರು, ಚಳಿ ಮತ್ತು ಬ್ರೇಕಿನ ಲೆಕ್ಕ

ಇಟಲಿಯ ಉತ್ತರದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ತಾಗಿಕೊಂಡಿರುವ ಸ್ಟೆಲ್ವಿಯೊ ಘಾಟಿಯ ನೆತ್ತಿ 2757 ಮೀಟರ್ ಎತ್ತರದಲ್ಲಿದೆ. ಆಲ್ಪ್ಸ್‌ನ ಡಾಂಬರು ಘಾಟಿಗಳಲ್ಲಿ ಇದಕ್ಕಿಂತ ಎತ್ತರದ್ದು ಫ್ರಾನ್ಸಿನ ಇಸೆರಾನ್ ಒಂದೇ, ಅದೂ ಕೆಲವೇ ಮೀಟರ್ ಅಂತರದಲ್ಲಿ. ಪ್ರಾಟೊ ಊರಿನಿಂದ ಹತ್ತಿದರೆ 24.3 ಕಿ.ಮೀ. ದಾರಿ, ಸುಮಾರು 1800 ಮೀಟರ್ ಏರು, ಸರಾಸರಿ ಶೇ. 7.4 ಕಡಿದು, 48 ಹೇರ್‌ಪಿನ್ ತಿರುವು. ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ 1820ರಿಂದ 1825ರೊಳಗೆ ಕಟ್ಟಿಸಿದ ರಸ್ತೆ ಇದು. ಕುದುರೆಗಾಡಿಗಳಿಗೆ ಅಂತ ಮಾಡಿದ್ದರಿಂದ ಏರು ಎಲ್ಲೂ ಗೋಡೆಯಂತೆ ಎದ್ದು ನಿಲ್ಲುವುದಿಲ್ಲ, ಆದರೆ ಮೊದಲ ಕೆಲವು ಕಿ.ಮೀ. ಬಿಟ್ಟರೆ ಎಲ್ಲೂ ಸಡಿಲವೂ ಆಗುವುದಿಲ್ಲ. ಜಿರೊ ದಿ ಇಟಾಲಿಯಾ ಎಂಬ ಸೈಕಲ್ ಪಂದ್ಯ ಇಲ್ಲಿಗೆ ಮೊದಲು ಬಂದದ್ದು 1953ರಲ್ಲಿ. ಫೌಸ್ಟೊ ಕೊಪ್ಪಿ ಇದೇ ಏರಿನಲ್ಲಿ ಹ್ಯೂಗೊ ಕೊಬ್ಲೆಟ್‌ನನ್ನು ಹಿಂದೆ ಹಾಕಿ ಆ ವರ್ಷದ ಜಿರೊ ಗೆದ್ದ.

ನಮ್ಮ ಕಡೆಯಿಂದ ಇಲ್ಲಿ ಸೈಕಲ್ ತುಳಿಯಲು ಹೋಗುವವರು ತಿಂಗಳುಗಟ್ಟಲೆ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ. ಅದು ಬೇಕು, ಆದರೆ ಅಷ್ಟೇ ಸಾಲದು. ಹತ್ತುವಾಗ ಸೋತರೆ ಪಕ್ಕದಲ್ಲಿ ನಿಂತು ಉಸಿರು ತೆಗೆದುಕೊಳ್ಳಬಹುದು. ಇಳಿಯುವಾಗ ಕೈ ಮರಗಟ್ಟಿ ಬ್ರೇಕ್ ಲಿವರ್ ಒತ್ತಲಾಗದಿದ್ದರೆ ಆ ಅವಕಾಶ ಇರುವುದಿಲ್ಲ. ಅದಕ್ಕೇ ನನ್ನ ತಯಾರಿಯಲ್ಲಿ ಅರ್ಧ ಪಾಲು ಇಳಿಜಾರಿಗೆ ಮೀಸಲು.

ಮೊದಲು ಗೇರು. ನಾನು ಬಳಸುವುದು ಮುಂದೆ 50/34 ಕಾಂಪ್ಯಾಕ್ಟ್ ಕ್ರ್ಯಾಂಕ್ (50 ಮತ್ತು 34 ಹಲ್ಲಿನ ಎರಡು ಚಕ್ರ), ಹಿಂದೆ 11-34 ಕ್ಯಾಸೆಟ್ (11ರಿಂದ 34 ಹಲ್ಲಿನವರೆಗಿನ ಹಲ್ಲುಚಕ್ರಗಳ ಗೊಂಚಲು). 34ಕ್ಕೆ 34 ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಸುಮಾರು 2.1 ಮೀಟರ್. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 8.8 ಕಿ.ಮೀ. ವೇಗ. 70 ಕಿಲೊ ತೂಗುವ ಸವಾರ, ಸೈಕಲ್, ನೀರು, ಬಟ್ಟೆ ಎಲ್ಲ ಸೇರಿ 82 ಕಿಲೊ ಎಂದಿಟ್ಟುಕೊಂಡರೆ, ಶೇ. 10ರ ಏರಿನಲ್ಲಿ ಆ ವೇಗಕ್ಕೆ 210 ವ್ಯಾಟ್ ಚಿಲ್ಲರೆ ಬೇಕು. ಬೆಂಗಳೂರಿನ ಬಯಲು ರಸ್ತೆಯಲ್ಲಿ ಸಾಕಾಗುವ 28 ಹಲ್ಲಿನ ಕ್ಯಾಸೆಟ್‌ನಲ್ಲಿ ಅದೇ 70 ಸುತ್ತು ತುಳಿಯಲು 260 ವ್ಯಾಟ್ ಕೊಡಬೇಕಾಗುತ್ತದೆ. ಅಷ್ಟು ಶಕ್ತಿ ಇಲ್ಲದವರು 50 ಸುತ್ತಿಗೆ ಇಳಿದು ಪ್ರತಿ ತುಳಿತಕ್ಕೂ ಮೈಭಾರ ಹಾಕಿ ಒತ್ತುತ್ತಾರೆ. ಹತ್ತು ನಿಮಿಷದ ಘಾಟಿಯಲ್ಲಿ ಅದು ನಡೆಯುತ್ತದೆ. ಎರಡೂವರೆ ಗಂಟೆ ಹಾಗೆ ಒತ್ತಿದರೆ ತೊಡೆಗಿಂತ ಮೊದಲು ಮಂಡಿ ಮತ್ತು ಸೊಂಟ ಮಾತಾಡಲು ಶುರುಮಾಡುತ್ತವೆ.

ಕ್ಯಾಸೆಟ್ ಒಂದನ್ನೇ ಬದಲಾಯಿಸಿದರೆ ಕೆಲಸ ಮುಗಿಯುವುದಿಲ್ಲ. ಶಿಮಾನೊ 105ರ 11 ಸ್ಪೀಡ್ ಸರಣಿಯಲ್ಲಿ (ಆರ್7000) ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂಬದಿ ಡಿರೈಲರ್ ಗಿಡ್ಡ ಪಂಜರದ್ದಾದರೆ 30 ಹಲ್ಲಿನವರೆಗೆ ಮಾತ್ರ, ಉದ್ದ ಪಂಜರದ್ದು 34ರವರೆಗೆ. ಚೈನೂ ಉದ್ದವಾಗಬೇಕು. 28ಕ್ಕೆ ಅಳತೆ ಮಾಡಿ ಕತ್ತರಿಸಿದ ಚೈನನ್ನು 34ಕ್ಕೆ ಹಾಕಿ, ಅರಿವಿಲ್ಲದೆ ಮುಂದಿನ ದೊಡ್ಡ ಚೈನ್‌ರಿಂಗ್ ಜೊತೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿದರೆ ಡಿರೈಲರ್ ಪೂರ್ತಿ ಎಳೆದುಕೊಂಡು, ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಸೈಕಲ್ಲನ್ನು ವಿಮಾನದಲ್ಲಿ ಕಳುಹಿಸುವ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಬಾಗುವ ಭಾಗವೂ ಹ್ಯಾಂಗರೇ. ಡಿರೈಲರ್ ಬಿಚ್ಚಿ, ಬಟ್ಟೆ ಸುತ್ತಿ, ಚೌಕಟ್ಟಿನ ಒಳಮಗ್ಗುಲಿಗೆ ಕಟ್ಟಿ ಕಳುಹಿಸುತ್ತೇನೆ. ನಿಮ್ಮ ಚೌಕಟ್ಟಿಗೇ ಸರಿಯಾದ ಹ್ಯಾಂಗರ್ ಒಂದನ್ನು ಹೆಚ್ಚುವರಿಯಾಗಿ ಜೇಬಿನಲ್ಲಿಟ್ಟುಕೊಳ್ಳಿ. ಸಾವಿರಾರು ಮಾದರಿಗಳಿರುವ ಈ ಭಾಗ ಬೆಟ್ಟದೂರಿನ ಅಂಗಡಿಯಲ್ಲಿ ಸಿಗುವುದು ಅಪರೂಪ. ಡಿಸ್ಕ್ ಬ್ರೇಕ್ ಸೈಕಲ್ಲಾದರೆ ಚಕ್ರ ತೆಗೆದ ಮೇಲೆ ಎರಡು ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಬೇಕು. ಇಲ್ಲದಿದ್ದರೆ ದಾರಿಯಲ್ಲಿ ಯಾರೋ ಲಿವರ್ ಒತ್ತಿ ಪಿಸ್ಟನ್‌ಗಳು ಮುಚ್ಚಿಕೊಂಡಿರುತ್ತವೆ, ಚಕ್ರದ ಡಿಸ್ಕ್, ಅಂದರೆ ರೋಟರ್, ಒಳಗೆ ಹೋಗುವುದಿಲ್ಲ.

ಈಗ ಹತ್ತುವ ವೇಗ. 82 ಕಿಲೊವನ್ನು 1800 ಮೀಟರ್ ಮೇಲಕ್ಕೆತ್ತುವುದಕ್ಕೇ ಸುಮಾರು 1450 ಕಿಲೊಜೂಲ್ ಬೇಕು. ಟಯರಿನ ಉರುಳು, ಗಾಳಿ, ಚೈನಿನ ನಷ್ಟ ಸೇರಿದರೆ 1630ರ ಹತ್ತಿರ. 180 ವ್ಯಾಟ್ ಕೊಡುವವರಿಗೆ ಎರಡೂವರೆ ಗಂಟೆ, 150 ವ್ಯಾಟ್‌ಗೆ ಮೂರು ಗಂಟೆ, 200 ವ್ಯಾಟ್‌ಗೆ ಎರಡೂಕಾಲು ಗಂಟೆ. ನಿಮ್ಮ ಒಂದು ಗಂಟೆಯ ಗರಿಷ್ಠ ಶಕ್ತಿಯ ಶೇ. 75ರಷ್ಟನ್ನು ಮಾತ್ರ ಈ ಏರಿಗೆ ಇಟ್ಟುಕೊಳ್ಳಿ. ಪವರ್ ಮೀಟರ್ ಇಲ್ಲದವರಿಗೆ ಒಂದು ಸರಳ ಪರೀಕ್ಷೆ ಇದೆ: ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಎಳೆಯದೆ ಹೇಳಲು ಆಗುತ್ತಿದ್ದರೆ ವೇಗ ಸರಿ ಇದೆ.

ಪ್ರಾಟೊ ಬಿಟ್ಟ ಮೇಲೆ ಗೊಮಾಗೊಯ್ ಊರಿನವರೆಗೆ ರಸ್ತೆ ಹೊಳೆಯ ಪಕ್ಕದಲ್ಲೇ, ಹೆಚ್ಚು ಕಡಿದಿಲ್ಲದೆ ಸಾಗುತ್ತದೆ. ಹೊಸಬರು ಕೆಡಿಸಿಕೊಳ್ಳುವುದು ಇಲ್ಲೇ. ಕಾಲು ಹಗುರ, ಬೆಳಗಿನ ತಂಪು, ಮುಂದೆ ಯಾರೋ ಹೋಗುತ್ತಿರುತ್ತಾರೆ, ಹಿಂಬಾಲಿಸಬೇಕು ಅನಿಸುತ್ತದೆ. ಬಿಟ್ಟುಬಿಡಿ. ನಿಜವಾದ ಘಾಟಿ ಟ್ರಾಫೊಯ್ ಊರಿನ (1543 ಮೀ.) ಆಸುಪಾಸಿನಿಂದ. ತಿರುವಿನ ಫಲಕಗಳು 48ರಿಂದ ಇಳಿಕೆಯ ಕ್ರಮದಲ್ಲಿವೆ, ನೆತ್ತಿಯ ಹತ್ತಿರದ್ದು 1. ಕಾಡಿನೊಳಗಿನ ತಿರುವುಗಳು ದಾಟಿದ ಮೇಲೆ ಎಡಕ್ಕೆ 3905 ಮೀಟರಿನ ಓರ್ಟ್‌ಲೆರ್ ಶಿಖರ ಮತ್ತದರ ಹಿಮನದಿಗಳು ತೆರೆದುಕೊಳ್ಳುತ್ತವೆ. 2188 ಮೀಟರಿನ ಫ್ರಾಂಜೆನ್ಸ್‌ಹೋಹೆ ಹೋಟೆಲಿನ ಬಳಿ ಉಳಿದ ದಾರಿಯೆಲ್ಲ ಒಂದರ ಮೇಲೊಂದು ಮಡಿಕೆಯಾಗಿ ಕಾಣುತ್ತದೆ. ಇನ್ನೂ ಸುಮಾರು ಏಳು ಕಿ.ಮೀ. ಇದೆ, ಸರಾಸರಿ ಶೇ. 8ರಷ್ಟು. ನನ್ನ ಮಟ್ಟಿಗೆ ಇಡೀ ಆಲ್ಪ್ಸ್‌ನಲ್ಲಿ ಇದಕ್ಕಿಂತ ಸುಂದರವಾದ ಏಳು ಕಿಲೋಮೀಟರ್ ರಸ್ತೆ ಇಲ್ಲ. ಆದರೆ ಮೇಲೆ ನೋಡುತ್ತಾ ಉಳಿದ ತಿರುವು ಎಣಿಸುವುದಕ್ಕಿಂತ ಮುಂದಿನ ಫಲಕವೊಂದನ್ನೇ ಗುರಿ ಇಟ್ಟುಕೊಂಡರೆ ಕಾಲು ಒಂದೇ ಲಯದಲ್ಲಿರುತ್ತದೆ.

ಇಟಲಿಯಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಹತ್ತುವಾಗ ಬಲ ತಿರುವು ಬಂದರೆ ನೀವು ಒಳಮಗ್ಗುಲಲ್ಲಿರುತ್ತೀರಿ. ಅಲ್ಲಿ ದೂರ ಕಡಿಮೆ, ಕಡಿದು ಹೆಚ್ಚು. ಎಡ ತಿರುವಿನಲ್ಲಿ ಹೊರಮಗ್ಗುಲು, ಅಲ್ಲಿ ನಾಲ್ಕಾರು ಸೆಕೆಂಡು ಕಾಲಿಗೆ ಬಿಡುವು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಹತ್ತಿ ರೂಢಿಯಾದವರಿಗೆ ಇದು ಸರಿಯಾಗಿ ತಿರುಗುಮುರುಗು. ಬಲ ತಿರುವಿಗೆ ಹತ್ತು ಮೀಟರ್ ಮೊದಲೇ ಒಂದು ಹಗುರ ಗೇರಿಗೆ ಬನ್ನಿ; ತಿರುವಿನೊಳಗೆ ಭಾರ ಬಿದ್ದ ಮೇಲೆ ಗೇರ್ ಬದಲಿಸಿದರೆ ಚೈನ್ ಜಾರುತ್ತದೆ. ಇನ್ನೊಂದು ಅಪಾಯ, ನಿಂತು ಫೋಟೊ ತೆಗೆದು ಖಾಲಿ ರಸ್ತೆಯಲ್ಲಿ ಮತ್ತೆ ಹೊರಡುವ ಗಳಿಗೆ. ನಮ್ಮವರ ಕೈ ತಾನಾಗಿ ಎಡಬದಿಗೆ ಎಳೆಯುತ್ತದೆ. ಹ್ಯಾಂಡಲ್ ಮೇಲೆ ಬಲಕ್ಕೆ ಬಾಣದ ಗುರುತಿನ ಟೇಪ್ ಅಂಟಿಸಿಕೊಳ್ಳುವುದು ನನ್ನ ಪದ್ಧತಿ.

ಎತ್ತರದ ಪರಿಣಾಮ ಭಯಪಡುವಷ್ಟಿಲ್ಲ, ಕಡೆಗಣಿಸುವಷ್ಟೂ ಕಡಿಮೆಯಲ್ಲ. ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 71ರಷ್ಟು. 1500 ಮೀಟರ್ ದಾಟಿದ ಮೇಲೆ ಪ್ರತಿ 100 ಮೀಟರಿಗೆ ಶೇ. 1ರಷ್ಟು ಸಾಮರ್ಥ್ಯ ಕಳೆಯುತ್ತದೆ ಅನ್ನುವುದು ಒಂದು ಸ್ಥೂಲ ಲೆಕ್ಕ. ಅಂದರೆ ಕೊನೆಯ ಐದಾರು ಕಿ.ಮೀ.ಗಳಲ್ಲಿ ಕೆಳಗಿನ ಅದೇ ವ್ಯಾಟ್ ಹಿಡಿದುಕೊಳ್ಳಲು ಹೋಗಬಾರದು, ಉಸಿರಿನ ಭಾರವನ್ನು ಸಮವಾಗಿಟ್ಟು ವ್ಯಾಟ್ ತಾನಾಗಿ ಶೇ. 8-10 ಇಳಿಯಲು ಬಿಡಬೇಕು. ಟಯರಿನ ಒತ್ತಡದ ಬಗ್ಗೆ ಹಲವರು ಕೇಳುತ್ತಾರೆ. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುವುದರಿಂದ ಟಯರ್ ಸ್ವಲ್ಪ ಬಿಗಿಯಾಗಬೇಕು. ಚಳಿಗೆ ಒಳಗಿನ ಗಾಳಿ ಕುಗ್ಗುವುದರಿಂದ ಅಷ್ಟೇ ಸಡಿಲವಾಗುತ್ತದೆ. ಎರಡೂ ಸರಿಹೋಗುತ್ತವೆ. 28 ಮಿ.ಮೀ. ಟಯರಿಗೆ ನಾನು 70 ಕಿಲೊ ತೂಕಕ್ಕೆ 4.8 ಬಾರ್‌ನಷ್ಟು ಹಾಕಿ ಮತ್ತೆ ಮುಟ್ಟುವುದಿಲ್ಲ. ಹುಕ್‌ಲೆಸ್ ರಿಮ್ (ಟಯರ್ ಹಿಡಿಯುವ ಒಳಕೊಕ್ಕೆ ಇಲ್ಲದ್ದು) ಆದರೆ 5 ಬಾರ್ ಮೀರಲೇಬಾರದು.

ಅಭ್ಯಾಸಕ್ಕೆ ನಂದಿಬೆಟ್ಟ ಸಾಕು, ಆದರೆ ಬಳಸುವ ರೀತಿ ಬೇರೆಯಾಗಬೇಕು. ಅದರ ಏರು ಸುಮಾರು 450 ಮೀಟರ್. ಬೆನ್ನುಬೆನ್ನಿಗೆ ನಾಲ್ಕು ಸಲ ಹತ್ತಿದರೆ ಸ್ಟೆಲ್ವಿಯೊದ ಎತ್ತರ ಬಂತು. ಕೊರತೆ ಏನೆಂದರೆ ಪ್ರತಿ ಇಳಿತದಲ್ಲೂ ಕಾಲಿಗೆ ವಿಶ್ರಾಂತಿ ಸಿಗುತ್ತದೆ, ಸ್ಟೆಲ್ವಿಯೊದಲ್ಲಿ ಅದಿಲ್ಲ. ವಾರಕ್ಕೊಂದು ದಿನ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಮುಂದಿನ ಚಕ್ರದಡಿ ಎರಡು ಇಟ್ಟಿಗೆಯಷ್ಟು ಎತ್ತರ ಕೊಟ್ಟು, 70 ಸುತ್ತಿನ ಲಯದಲ್ಲಿ ಒಂದೂವರೆ ಗಂಟೆ ನಿಲ್ಲಿಸದೆ ತುಳಿಯುವುದು ಆ ಕೊರತೆ ತುಂಬುತ್ತದೆ. ಸೊಂಟ ಮತ್ತು ಕುತ್ತಿಗೆ ಏರಿನ ಭಂಗಿಗೆ ಒಗ್ಗುವುದು ಹೀಗೆಯೇ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಹಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿದವರಿಗೆ ಕಡಿದು ಹೊಸದಾಗಿರುವುದಿಲ್ಲ, ಉದ್ದ ಮಾತ್ರ ಹೊಸದು.

ತಿನ್ನುವುದು: ಗಂಟೆಗೆ 60ರಿಂದ 80 ಗ್ರಾಂ ಕಾರ್ಬೊಹೈಡ್ರೇಟ್, ಹಸಿವಿಗೆ ಕಾಯದೆ ಮೊದಲ ಅರ್ಧ ಗಂಟೆಯಿಂದಲೇ. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂನಷ್ಟು ಸಿಗುತ್ತದೆ. ಉಳಿದದ್ದು ಖರ್ಜೂರ, ಬಾಟಲಿಗೆ ಸಕ್ಕರೆ ಮತ್ತು ಚಿಟಿಕೆ ಉಪ್ಪು. ಕಡಲೆಮಿಠಾಯಿ ರುಚಿಗೆ ಚೆಂದ, ಆದರೆ ಕಡಲೆಯ ಎಣ್ಣೆ ಜೀರ್ಣವಾಗಲು ಹೊತ್ತು ಹಿಡಿಯುವುದರಿಂದ ನಾನದನ್ನು ನೆತ್ತಿ ತಲುಪಿದ ಮೇಲೆ ತಿನ್ನುತ್ತೇನೆ. ಎರಡು ಬಾಟಲಿ ಸಾಕು, ಟ್ರಾಫೊಯ್‌ನಲ್ಲಿ ತುಂಬಿಸಿಕೊಳ್ಳಬಹುದು.

ರಸ್ತೆ ಸಾಮಾನ್ಯವಾಗಿ ತೆರೆಯುವುದು ಮೇ ಕೊನೆ ಅಥವಾ ಜೂನ್ ಮೊದಲಲ್ಲಿ, ಮುಚ್ಚುವುದು ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಲ್ಲಿ. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ, ಬೈಕು ಕಾರುಗಳ ಸಾಲೂ ದೊಡ್ಡದು. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದರೊಳಗೆ ನೆತ್ತಿ ಬಿಡುವುದು ನನ್ನ ನಿಯಮ. ನನ್ನ ಆಯ್ಕೆಯ ತಿಂಗಳು ಸೆಪ್ಟೆಂಬರ್. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರದ ಒಂದು ಶನಿವಾರ ಮೋಟಾರು ವಾಹನ ನಿಲ್ಲಿಸಿ ಸೈಕಲ್‌ಗಳಿಗೆ ಮಾತ್ರ ಘಾಟಿ ಬಿಟ್ಟುಕೊಡುವ ದಿನವೂ ಇದೆ. ಆ ವರ್ಷದ ದಿನಾಂಕ ನೋಡಿಕೊಂಡು ಟಿಕೆಟ್ ಮಾಡಿಸಿ.

ಪ್ರಾಟೊದಿಂದ ನೆತ್ತಿಗೆ ಸುಮಾರು 1800 ಮೀಟರ್ ವ್ಯತ್ಯಾಸ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಹಿಡಿದರೆ ಕೆಳಗೆ 22 ಇದ್ದಾಗ ಮೇಲೆ 10. ಬೆವರಿನಲ್ಲಿ ತೊಯ್ದ ಬನಿಯನ್ನಿನ ಮೇಲೆ ಗಂಟೆಗೆ 45 ಕಿ.ಮೀ. ಗಾಳಿ ಬೀಸಿದರೆ ಐದೇ ನಿಮಿಷದಲ್ಲಿ ಹಲ್ಲು ಕಟಕಟಿಸುತ್ತದೆ, ಮೈ ನಡುಗಿ ಹ್ಯಾಂಡಲೂ ನಡುಗುತ್ತದೆ. ನೆತ್ತಿಗೆ ಬಂದ ತಕ್ಷಣ, ಫೋಟೊಗೂ ಮೊದಲು, ಒಣ ಒಳಅಂಗಿ ಹಾಕಿಕೊಳ್ಳಿ. ಅದರ ಮೇಲೆ ತೋಳುಪಟ್ಟಿ, ಗಾಳಿ ತಡೆಯುವ ಜಾಕೆಟ್, ಕುತ್ತಿಗೆಗೆ ಬಟ್ಟೆ, ಪೂರ್ತಿ ಬೆರಳಿನ ಕೈಗವಸು. ಒಣ ಒಳಅಂಗಿ ಮತ್ತು ಕೈಗವಸನ್ನು ಪ್ಲಾಸ್ಟಿಕ್ ಚೀಲದೊಳಗೆ ಹೊತ್ತುಕೊಂಡು ಹೋಗಬೇಕು. ಬೆನ್ನಿನ ಜೇಬಲ್ಲಿ ಹಾಗೇ ಇಟ್ಟರೆ ಅವೂ ಬೆವರಿಗೆ ನೆನೆದಿರುತ್ತವೆ. ಹಳೆಯ ಕಾಲದ ಪಂದ್ಯಗಾರರು ಎದೆಗೆ ವೃತ್ತಪತ್ರಿಕೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ಇಂದಿಗೂ ಒಳ್ಳೆಯ ಉಪಾಯ.

ಇಳಿಯಲು ನಾನು ಬಂದ ದಾರಿ ಹಿಡಿಯುವುದಿಲ್ಲ. ಘಾಟಿಯ ಆಚೆ ಬದಿಯ ಬೊರ್ಮಿಯೊ ಊರಿನ ಕಡೆಗೆ ಮೂರು ಕಿ.ಮೀ.ಯಷ್ಟು ಇಳಿದರೆ ಬಲಕ್ಕೆ 2501 ಮೀಟರಿನ ಉಂಬ್ರೈಲ್ ಘಾಟಿ. ಅಲ್ಲೇ ಸ್ವಿಟ್ಜರ್ಲೆಂಡಿನ ಗಡಿ. ಷೆಂಗೆನ್ ವೀಸಾ ಎರಡೂ ದೇಶಕ್ಕೆ ನಡೆಯುತ್ತದೆ, ಆದರೆ ಪಾಸ್‌ಪೋರ್ಟ್ ಜೇಬಲ್ಲಿರಲಿ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲದ ಕಾರಣ ಇಟಲಿಯ ಸಿಮ್‌ಗೆ ಅಲ್ಲಿ ರೋಮಿಂಗ್ ದರ ಬೇರೆಯಾಗಬಹುದು, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಉಂಬ್ರೈಲ್‌ನಿಂದ ಸಾಂತಾ ಮಾರಿಯಾ (1375 ಮೀ.) ಊರಿಗೆ 13 ಕಿ.ಮೀ. ಚಿಲ್ಲರೆ, ಸರಾಸರಿ ಶೇ. 8ಕ್ಕೂ ಹೆಚ್ಚು ಇಳಿಜಾರು. ಇದರ ಕೊನೆಯ ಮಣ್ಣಿನ ತುಂಡಿಗೆ ಡಾಂಬರು ಬಿದ್ದದ್ದು 2015ರಲ್ಲಿ. ರಸ್ತೆ ಕಿರಿದು, ವಾಹನ ಕಡಿಮೆ, ಬೊರ್ಮಿಯೊ ದಾರಿಯ ಕತ್ತಲ ಸುರಂಗಗಳ ಕಾಟವಿಲ್ಲ.

ಬ್ರೇಕಿನ ವಿಚಾರ ಇಲ್ಲಿ ಮುಖ್ಯ. ಗಂಟೆಗೆ 25 ಕಿ.ಮೀ.ಯಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದು ಇಳಿದರೆ, ಎತ್ತರ ಕಳೆದುಕೊಂಡಾಗ ಬಿಡುಗಡೆಯಾಗುವ ಶಕ್ತಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಬ್ರೇಕಿನಲ್ಲೇ ಶಾಖವಾಗುತ್ತದೆ. ನೇರ ದಾರಿಯಲ್ಲಿ 45ಕ್ಕೆ ಬಿಟ್ಟರೆ ಗಾಳಿಯೇ ಅರ್ಧದಷ್ಟು ಹೊರುತ್ತದೆ. ಆದ್ದರಿಂದ ನೇರದಲ್ಲಿ ಬಿಡಿ. ತಿರುವಿಗೆ ಮೊದಲು ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ. ತಿರುವಿನೊಳಗೆ ಲಿವರ್ ಬಿಡಿ. ಹೊರಗಿನ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ, ಕಣ್ಣು ತಿರುವಿನ ಹೊರದಾರಿಯ ಮೇಲೆ. ಹಾಗೆ ಬಿಡಲು ಧೈರ್ಯ ಸಾಲದವರು ಎಳೆದುಕೊಂಡೇ ಇಳಿಯುವುದಕ್ಕಿಂತ ನಾಲ್ಕು ಕಿ.ಮೀ.ಗೊಮ್ಮೆ ನಿಂತು ಬ್ರೇಕ್ ಆರಿಸಿಕೊಳ್ಳುವುದು ಒಳ್ಳೆಯದು. ರೋಟರನ್ನು ಬೆರಳಿಂದ ಮುಟ್ಟಿ ನೋಡಬೇಡಿ, ಚರ್ಮ ಅಂಟಿಕೊಳ್ಳುತ್ತದೆ.

ಕಾರ್ಬನ್ ರಿಮ್ ಮೇಲೆ ರಬ್ಬರ್ ಪ್ಯಾಡ್ ಒತ್ತುವ ಸೈಕಲ್ಲನ್ನು ಈ ಇಳಿಜಾರಿಗೆ ನಾನು ಒಯ್ಯುವುದಿಲ್ಲ. ಶಾಖಕ್ಕೆ ರಾಳ ಮೆತ್ತಗಾಗಿ ರಿಮ್ಮಿನ ಅಂಚು ಬಾಗುತ್ತದೆ. ಅಲ್ಯೂಮಿನಿಯಂ ರಿಮ್ ಪರವಾಗಿಲ್ಲ, ಆದರೆ ಒಳಗೆ ಲೇಟೆಕ್ಸ್ ಟ್ಯೂಬ್ ಬೇಡ, ಬ್ಯೂಟೈಲ್ ಇರಲಿ. ಹೈಡ್ರಾಲಿಕ್ ಡಿಸ್ಕ್ ಆದರೆ ಹೊರಡುವ ಮುನ್ನ ಹೊಸ ಎಣ್ಣೆ ಹಾಕಿಸಿ ಗಾಳಿಗುಳ್ಳೆ ತೆಗೆಸಬೇಕು. ಒಳಗೆ ಉಳಿದ ಗಾಳಿ ಶಾಖಕ್ಕೆ ಹಿಗ್ಗಿದರೆ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಅಲ್ಲಿ ಬಾಡಿಗೆಗೆ ಸೈಕಲ್ ಪಡೆಯುವವರು ನೋಡಲೇಬೇಕಾದ ಇನ್ನೊಂದು ಅಂಶವಿದೆ: ಯೂರೋಪಿನ ಮುಖ್ಯ ಭೂಭಾಗದಲ್ಲಿ ಸಾಮಾನ್ಯವಾಗಿ ಎಡ ಲಿವರ್ ಮುಂದಿನ ಬ್ರೇಕಿಗೆ, ಬಲ ಲಿವರ್ ಹಿಂದಿನದಕ್ಕೆ. ಬಲಗೈ ಎಂದರೆ ಮುಂದಿನ ಬ್ರೇಕ್ ಎಂದು ಬೈಕಿನಲ್ಲೂ ಸೈಕಲ್ಲಿನಲ್ಲೂ ರೂಢಿಯಾದ ಕೈ ಗಾಬರಿಯಲ್ಲಿ ತಪ್ಪು ಚಕ್ರವನ್ನು ಕಟ್ಟುತ್ತದೆ. ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿದರೆ ಕೆಲವರು ಅದಲುಬದಲು ಮಾಡಿಕೊಡುತ್ತಾರೆ, ಆಗದಿದ್ದರೆ ಖಾಲಿ ರಸ್ತೆಯಲ್ಲಿ ಒಂದು ತಾಸು ಎಡಗೈಯನ್ನು ಪಳಗಿಸಿಕೊಳ್ಳಿ.

ಸಾಂತಾ ಮಾರಿಯಾದಿಂದ ಮುಂದಿನದು ಸಲೀಸು. ಕಣಿವೆಯಲ್ಲಿ ಇಳಿಯುತ್ತಾ ಮ್ಯೂಸ್ಟೈರ್‌ನ ಸಂತ ಜೊಹಾನ್ ಮಠ ಸಿಗುತ್ತದೆ. 1983ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಈ ಮಠದ ಗೋಡೆಚಿತ್ರಗಳಿಗೆ ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಅರ್ಧ ಗಂಟೆ ಕೊಡಿ. ಮತ್ತೆ ಇಟಲಿಯ ಗಡಿ, ಕೋಟೆಗೋಡೆಯ ಪುಟ್ಟ ಊರು ಗ್ಲೊರೆಂಜಾ, ಅಲ್ಲಿಂದ ಸೈಕಲ್ ಹಾದಿಯಲ್ಲಿ ಪ್ರಾಟೊ. ಇಡೀ ಸುತ್ತು 60 ಕಿ.ಮೀ. ಆಸುಪಾಸು. ಕೋಣೆಗೆ ಬಂದ ಮೇಲೆ ಚಕ್ರ ಬಿಚ್ಚಿ ಪ್ಯಾಡ್ ನೋಡಿ: ಉಜ್ಜುವ ಪದರ 0.5 ಮಿ.ಮೀ.ಗೆ ಬಂದಿದ್ದರೆ, ಅಥವಾ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಮರುದಿನ ಗಾವಿಯಾ ಘಾಟಿಗೋ ಮತ್ತೊಂದಕ್ಕೋ ಹೊರಡುವ ಮೊದಲು ಹೊಸ ಜೋಡಿ ಹಾಕಿ, ಸಮತಟ್ಟಾದ ರಸ್ತೆಯಲ್ಲಿ ಹದಿನೈದಿಪ್ಪತ್ತು ಸಲ ಬ್ರೇಕ್ ಒತ್ತಿ ಬಿಟ್ಟು ಅವನ್ನು ರೋಟರಿಗೆ ಕೂರಿಸಿಕೊಳ್ಳಿ.