ದ್ರಾಕ್ಷಿ, ದುಂಡುಮಲ್ಲಿಗೆ, 38 ಸಾವಿರ ರೂಪಾಯಿ

ಮೊದಲೇ ಹೇಳಿಬಿಡುತ್ತೇನೆ, ಇದು ಗೆದ್ದ ಮೇಲೆ ಬರೆಯುತ್ತಿರುವುದು. ಸೋತಿದ್ದರೆ ಸುಮ್ನೆ ಇರುತ್ತಿದ್ದೆ.

ನಮ್ಮದು ಮನೆಯಲ್ಲೇ ಪರ್ಫ್ಯೂಮ್ ಬೆರೆಸುವ ಆರೇಳು ಜನರ ಗುಂಪು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಮಾಡಿದ್ದನ್ನು ತಂದು, ಮೂಸಿ, ಬೈದು, ಕಾಫಿ ಕುಡಿದು ಹೋಗುತ್ತೇವೆ. ಎರಡು ವರ್ಷದ ಹಿಂದೆ ನಾನು ಬೆಂಗಳೂರು ಬ್ಲೂ ದ್ರಾಕ್ಷಿಯನ್ನೂ ದುಂಡುಮಲ್ಲಿಗೆಯನ್ನೂ ಸೇರಿಸಿ ಒಂದು ಪರ್ಫ್ಯೂಮ್ ಮಾಡುತ್ತೇನೆ ಅಂದಾಗ ಎಲ್ಲರೂ ನಕ್ಕರು. ಗುಂಪಿನ ಹಿರಿಯರೊಬ್ಬರಿದ್ದಾರೆ, ಇಪ್ಪತ್ತು ವರ್ಷದಿಂದ ಅತ್ತರು ಬೆರೆಸುವವರು. "ಹೂವಿಗೆ ಹಣ್ಣು ಸೇರಿಸಿದ್ರೆ ಶ್ಯಾಂಪೂ ಆಗುತ್ತೆ ಕಣಮ್ಮ, ಬಿಟ್ಬಿಡು" ಅಂದರು.

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಾಲ್‌ಗಳಲ್ಲಿ ಸಿಗುವ ಹಣ್ಣು-ಹೂವಿನ ಪರ್ಫ್ಯೂಮುಗಳಲ್ಲಿ ಮುಕ್ಕಾಲು ಪಾಲು ನನಗೂ ಹಾಗೇ ಅನಿಸುತ್ತವೆ. ಮೊದಲ ಹತ್ತು ನಿಮಿಷ ಪೀಚ್, ಸೇಬು, ಲಿಚಿ. ಆಮೇಲೆ ತಲೆಗೆ ಸ್ನಾನ ಮಾಡಿ ಬಂದ ಹಾಗೆ. ಹಣ್ಣು ಒಂದು ಕಡೆ, ಹೂವು ಒಂದು ಕಡೆ, ಮಾತು ಬಿಟ್ಟ ಬೀಗರ ಥರ ಕೂತಿರುತ್ತವೆ. ಎಲ್ಲವೂ ಹಾಗಲ್ಲ ಅನ್ನಿ. 1919ರ ಮಿತ್ಸುಕೊ ಅನ್ನುವ ಫ್ರೆಂಚ್ ಪರ್ಫ್ಯೂಮಿನಲ್ಲಿ ಪೀಚ್ ಇದೆ, ಆದರೆ ಅದು ರಸ ಸುರಿಯುವ ಪೀಚ್ ಅಲ್ಲ, ಸಿಪ್ಪೆಯ ಮೇಲಿನ ನುಣುಪು ಮಾತ್ರ. 1985ರ ಇನ್ನೊಂದು ಪರ್ಫ್ಯೂಮ್ ಪಾಯ್ಸನ್ ನನಗೆ ತಲೆನೋವು ತರಿಸುತ್ತದೆ, ಆದರೂ ಮತ್ತೆ ಮತ್ತೆ ಮೂಸುತ್ತೇನೆ. ಅದರಲ್ಲಿ ಸುಗಂಧರಾಜ ಎಲ್ಲಿ ಮುಗಿಯಿತು, ಹಣ್ಣು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನನಗೆ ಬೇಕಾಗಿದ್ದು ಅದು. ಆದರೆ ಗಾಂಧಿ ಬಜಾರಿನ ವಾಸನೆಯಲ್ಲಿ.

ಐಡಿಯಾ ಬಂದಿದ್ದೂ ಗಾಂಧಿ ಬಜಾರಿನಲ್ಲೇ. ಒಂದು ಕೆಜಿ ದ್ರಾಕ್ಷಿ, ಎರಡು ಮೊಳ ಮಲ್ಲಿಗೆ ಒಂದೇ ಬಟ್ಟೆ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದ್ದೆ. ತ್ಯಾಗರಾಜನಗರ ಮುಟ್ಟುವ ಹೊತ್ತಿಗೆ ಚೀಲದಿಂದ ಬರುತ್ತಿದ್ದ ವಾಸನೆಯಲ್ಲಿ ಯಾವುದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಕಾರಣ ಮಿಥೈಲ್ ಆಂಥ್ರನಿಲೇಟ್ ಅನ್ನುವ, ದ್ರಾಕ್ಷಿ ವಾಸನೆಯ ರಾಸಾಯನಿಕ. ದುಂಡುಮಲ್ಲಿಗೆಯಲ್ಲಿ ಅದು ಇದೆ. ನಮ್ಮ ಬೆಂಗಳೂರು ಬ್ಲೂ ಕೂಡ ಅಮೆರಿಕದ ಕಾನ್ಕಾರ್ಡ್ ದ್ರಾಕ್ಷಿಯ ಕಡೆಯ ನೆಂಟ, ಅದೇ ಕಸ್ತೂರಿಯಂಥ ಘಾಟು. ಹೂವಿಗೂ ಹಣ್ಣಿಗೂ ಆಗಲೇ ನೆಂಟಸ್ತನ ಇರುವಾಗ ನಾವು ಹೊಸದಾಗಿ ಗಂಟು ಹಾಕಬೇಕಾಗಿಲ್ಲ, ಇರುವ ಗಂಟನ್ನು ಬಿಚ್ಚದೆ ಇದ್ದರೆ ಸಾಕು ಅಂತ ಲೆಕ್ಕ ಹಾಕಿದೆ. ಲೆಕ್ಕ ಸರಿಯಿತ್ತು. ಕೈ ಸರಿಯಿರಲಿಲ್ಲ.

ಮೊದಲ ಬ್ಯಾಚಿಗೆ ಮಿಥೈಲ್ ಆಂಥ್ರನಿಲೇಟನ್ನು ಕಾನ್ಸಂಟ್ರೇಟಿನ (ಸ್ಪಿರಿಟ್ ಸೇರಿಸುವ ಮುಂಚಿನ ಗಟ್ಟಿ ಮಿಶ್ರಣ) ಶೇ 5ರಷ್ಟು ಹಾಕಿದ್ದೆ. 100 ಎಂಎಲ್‌ಗೆ ಮುನ್ನೂರೋ ನಾನ್ನೂರೋ ಕೊಟ್ಟಿದ್ದು, ಅಗ್ಗದ ಮಾಲು, ಹಾಗಾಗಿ ಕೈ ಧಾರಾಳವಾಯಿತು. ನಮ್ಮತ್ತೆಗೆ ಬ್ಲಾಟರ್, ಅಂದರೆ ಅದ್ದಿ ಮೂಸುವ ಕಾಗದದ ಪಟ್ಟಿ, ಕೊಟ್ಟೆ. ಅವರಿಗೆ 74 ವರ್ಷ, ಸಕ್ಕರೆ ಕಾಯಿಲೆ ಇದೆ, ಕಣ್ಣು ಅಷ್ಟಕ್ಕಷ್ಟೆ. ಮೂಗು ಮಾತ್ರ ನಮ್ಮ ಗುಂಪಿನ ಎಲ್ಲರಿಗಿಂತ ಚುರುಕು. ಒಂದು ಸಲ ಮೂಸಿ, "ಮಗೂಗೆ ಜ್ವರ ಬಂದಾಗ ಕುಡಿಸ್ತಿದ್ಯಲ್ಲ, ಆ ಸಿರಪ್" ಅಂದರು. ಮುಗಿಯಿತು. 40 ಗ್ರಾಂ ಕಾನ್ಸಂಟ್ರೇಟ್ ಸಿಂಕಿಗೆ. ಎರಡು ದಿನ ಇಡೀ ಅಡುಗೆಮನೆ ಬಬಲ್‌ಗಮ್.

ಆಮೇಲೆ ಇಳಿಸುತ್ತಾ ಬಂದೆ. ಶೇ 3, ಶೇ 2, ಶೇ 1. ಶೇ 1ಕ್ಕಿಂತ ಕೆಳಗೆ ಬಂದಾಗ ಸಿರಪ್ ಮಾಯವಾಯಿತು, ಜೊತೆಗೆ ದ್ರಾಕ್ಷಿಯೂ ಮಾಯವಾಯಿತು. ಇಲ್ಲೇ ನಾನು ಸುಮಾರು ಐದು ತಿಂಗಳು ಸಿಕ್ಕಿಕೊಂಡಿದ್ದು.

ಈ ಮಧ್ಯೆ ಇನ್ನೊಂದು ಹೊಡೆತ ಬಿತ್ತು. ಒಂದು ಬ್ಯಾಚು ಚೆನ್ನಾಗಿ ಬಂದಿದೆ ಅನಿಸಿ, ಮಾಗಲಿ ಅಂತ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟೆ. ಮೂರು ವಾರ ಬಿಟ್ಟು ನೋಡಿದರೆ ಕಾನ್ಸಂಟ್ರೇಟ್ ಕಿತ್ತಳೆ ಬಣ್ಣಕ್ಕೆ ತಿರುಗಿ ಮಂದವಾಗಿತ್ತು, ತಳದಲ್ಲಿ ನೀರಿನ ಹನಿಗಳು. ನೀರೇ ಹಾಕಿಲ್ಲವಲ್ಲ, ಎಲ್ಲಿಂದ ಬಂತು? ಬಾಟಲಿ ಸರಿಯಾಗಿ ಒಣಗಿಸಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಅದನ್ನೇ ಸ್ಪಿರಿಟ್‌ನಲ್ಲಿ ಕರಗಿಸಿ, ನಮ್ಮನೆಯವರು ಮದುವೆಗೆ ಹೊರಟಿದ್ದಾಗ ಪಂಚೆ ಮೇಲೂ ಎರಡು ಸಲ ಹೊಡೆದೆ. ಬಿಳಿ ಪಂಚೆ, ರೇಷ್ಮೆ ಅಂಚಿನದು. ಸಂಜೆ ಹೊತ್ತಿಗೆ ಅರಿಶಿನದ ನೀರು ಚೆಲ್ಲಿದ ಹಾಗೆ ಎರಡು ಕಲೆ. ಇವತ್ತಿಗೂ ಹೋಗಿಲ್ಲ, ಆ ಮಾತೂ ನಿಂತಿಲ್ಲ.

ತಪ್ಪು ಬಾಟಲಿಯದಲ್ಲ. ಹೂವು ಸ್ವಲ್ಪ ತಂಪಾಗಿರಲಿ ಅಂತ ಹೈಡ್ರಾಕ್ಸಿಸಿಟ್ರೊನೆಲಾಲ್, ಸಿಹಿಗೆ ವ್ಯಾನಿಲಿನ್ ಹಾಕಿದ್ದೆ. ಎರಡೂ ಆಲ್ಡಿಹೈಡ್ ಅನ್ನುವ ಜಾತಿಯ ರಾಸಾಯನಿಕಗಳು. ಮಿಥೈಲ್ ಆಂಥ್ರನಿಲೇಟ್ ಆಲ್ಡಿಹೈಡ್ ಜೊತೆ ಸೇರಿದರೆ ಶಿಫ್ ಬೇಸ್ ಅನ್ನುವ ಬೇರೆಯೇ ವಸ್ತು ಆಗುತ್ತದೆ, ನೀರು ಬಿಡುತ್ತದೆ, ಬಣ್ಣ ಕಟ್ಟುತ್ತದೆ. ಹೈಡ್ರಾಕ್ಸಿಸಿಟ್ರೊನೆಲಾಲ್ ಜೊತೆ ಆಗುವುದನ್ನಂತೂ ಔರಾಂಟಿಯಾಲ್ ಅಂತ ಹೆಸರಿಟ್ಟು ಬಾಟಲಿಯಲ್ಲೇ ಮಾರುತ್ತಾರೆ. ಅಂದರೆ ನಾನು ಬೀರುವಿನಲ್ಲಿ ಗೊತ್ತಿಲ್ಲದೆ ಅದನ್ನು ತಯಾರಿಸಿದ್ದೆ! ಅದು ಕೆಟ್ಟ ಮಾಲಲ್ಲ, ಕಿತ್ತಳೆ ಹೂವಿನ ಭಾರವಾದ ವಾಸನೆ. ಆದರೆ ನನಗೆ ಬೇಕಾಗಿದ್ದು ಅದಲ್ಲ. ನನ್ನ ದ್ರಾಕ್ಷಿಯನ್ನು ಅದು ನುಂಗಿ ಹಾಕಿತ್ತು.

ಅವತ್ತೇ ಒಂದು ನಿಯಮ ಮಾಡಿಕೊಂಡೆ, ಈ ಪರ್ಫ್ಯೂಮಿನಲ್ಲಿ ಒಂದೇ ಒಂದು ಆಲ್ಡಿಹೈಡ್ ಇರಬಾರದು. ನಿಂಬೆಯೂ ಬೇಡ, ಸಿಟ್ರಾಲ್ ಇರುತ್ತದೆ. ವ್ಯಾನಿಲಿನ್ ಜಾಗಕ್ಕೆ ಚಿಟಿಕೆಯಷ್ಟು ಎಥಿಲ್ ಮಾಲ್ಟಾಲ್, ಹೈಡ್ರಾಕ್ಸಿಸಿಟ್ರೊನೆಲಾಲ್ ಜಾಗಕ್ಕೆ ಫ್ಲೋರಾಲ್. ಪೀಚ್ ವಾಸನೆಗೆ 'ಆಲ್ಡಿಹೈಡ್ ಸಿ-14' ಹಾಕಿದಾಗ ಗುಂಪಿನಲ್ಲಿ ಒಬ್ಬರು ಕೈ ಹಿಡಿದರು, "ಆಲ್ಡಿಹೈಡ್ ಬೇಡ ಅಂತೀಯ, ಮತ್ತೆ ಇದೇನು?" ಅಂತ. ಸಿ-14 ಹೆಸರಿಗೆ ಮಾತ್ರ ಆಲ್ಡಿಹೈಡ್, ಅದು ಲ್ಯಾಕ್ಟೋನ್ ಅನ್ನುವ ಬೇರೆ ಜಾತಿ. ಮಿತ್ಸುಕೊದ ಪೀಚ್ ಅದೇ. ಇಷ್ಟು ವರ್ಷದಿಂದ ಬೆರೆಸುವವರಿಗೂ ಇದು ಗೊತ್ತಿರಲಿಲ್ಲ ಅಂತ ನನಗೆ ಒಳಗೊಳಗೇ ಖುಷಿಯಾಯಿತು. ಹೇಳಿಕೊಳ್ಳಬಾರದು, ಹೇಳಿಕೊಂಡಾಯಿತು.

ಇನ್ನು ಮಲ್ಲಿಗೆಯ ಕಥೆ. ನಿಜವಾದ ಸ್ಯಾಂಬಾಕ್ ಆಬ್ಸಲ್ಯೂಟ್, ಅಂದರೆ ದುಂಡುಮಲ್ಲಿಗೆಯಿಂದಲೇ ತೆಗೆದ ಸಾರ, ದುಬಾರಿ ಅಂತ ಪೇಟೆಯ ಒಂದು ಅಂಗಡಿಯಲ್ಲಿ 10 ಎಂಎಲ್‌ಗೆ 1,800 ಕೊಟ್ಟು 'ಪ್ಯೂರ್' ತಂದೆ. ಬ್ಲಾಟರ್ ಮೇಲೆ ಎರಡು ಗಂಟೆಗೆ ಖಾಲಿ, ಉಳಿದದ್ದು ಪ್ಲಾಸ್ಟಿಕ್ ವಾಸನೆ. ಮಲ್ಲಿಗೆ ವಾಸನೆಯ ರಾಸಾಯನಿಕ ಬೆಂಜೈಲ್ ಅಸಿಟೇಟಿಗೆ ಬಣ್ಣ ಹಾಕಿ ಕೊಟ್ಟಿದ್ದರು ಅಂತ ನನ್ನ ಅನುಮಾನ. ನಿಜವಾದದ್ದು ಮೂರು ದಿನವಾದರೂ ಬ್ಲಾಟರ್ ಬಿಡುವುದಿಲ್ಲ. ಕೊನೆಗೆ ತಮಿಳುನಾಡಿನ ಕಡೆಯಿಂದ 10 ಎಂಎಲ್ ತರಿಸಿದೆ, ಐದು ಸಾವಿರದ ಹತ್ತಿರ ಬಿತ್ತು.

ಅಷ್ಟು ದುಡ್ಡು ಕೊಡುವ ಮುಂಚೆ ಜಾಣತನ ಮಾಡಲು ಹೋಗಿದ್ದೂ ಉಂಟು. ಮನೆಯಲ್ಲೇ ಆನ್‌ಫ್ಲರಾಜ್, ಅಂದರೆ ಹೂವಿನ ವಾಸನೆಯನ್ನು ಕೊಬ್ಬಿಗೆ ಹೀರಿಸುವ ಹಳೇ ವಿಧಾನ. ಸ್ಟೀಲ್ ತಟ್ಟೆಗಳಿಗೆ ವನಸ್ಪತಿ ಬಳಿದು, ದಿನಾ ಸಂಜೆ ಬಿರಿಯುವ ಹೊತ್ತಿಗೆ ಮೊಗ್ಗು ಹರಡಿ, ಮಾರನೇ ದಿನ ತೆಗೆದು ಹೊಸದು. ಹೂವಿನ ಅಕ್ಕ, "ಏನಮ್ಮಾ, ಮನೇಲಿ ದಿನಾ ಮದುವೇನಾ?" ಅಂತ ಕೇಳುತ್ತಿದ್ದರು. 12 ಸಲ ಹೂವು ಬದಲಾಯಿಸಬೇಕು ಅಂದುಕೊಂಡಿದ್ದೆ. ಎಂಟನೇ ದಿನಕ್ಕೆ ಬೂಷ್ಟು ಬಂತು. ಮಾರುಕಟ್ಟೆಯಲ್ಲಿ ಹೂವು ಬಾಡದಿರಲಿ ಅಂತ ನೀರು ಚಿಮುಕಿಸುತ್ತಾರಲ್ಲ, ಆ ತೇವ. ಬಟ್ಟೆ ಮೇಲೆ ಒಣಗಿಸಿ ಹಾಕಿದ್ದರೂ ಸಾಲಲಿಲ್ಲ. ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದು ಮೊಗ್ಗಿನ ರೇಟು ಸಾವಿರ ದಾಟಿತು, ನಿಲ್ಲಿಸಿದೆ. ಅತ್ತೆ ತಟ್ಟೆ ಮೂಸಿ, "ಬೂಷ್ಟು ಬರದೆ ಇದ್ದಿದ್ರೆ ಇದರಲ್ಲಿ ಪೂರಿ ಕರೀಬಹುದಿತ್ತು" ಅಂದರು. ಈ ಒಂದು ಹುಚ್ಚಿಗೇ ನಾಲ್ಕು ಸಾವಿರ ಹೋಗಿರಬೇಕು.

ದೇವನಹಳ್ಳಿ ಚಕ್ಕೋತದ ಸಿಪ್ಪೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿದ ಪ್ರಯೋಗವೂ ಇದೇ ಕಾಲದ್ದು. ಅದು ಚೆನ್ನಾಗಿ ಬಂತು, ಆದರೆ ಇದಕ್ಕೆ ಹೊಂದಲಿಲ್ಲ. ಬಾಟಲಿ ಹಾಗೇ ಇದೆ, ಇನ್ನೊಂದಕ್ಕೆ ಆಗುತ್ತದೆ. ದ್ರಾಕ್ಷಿಗೆ ಕಪ್ಪು ಹಣ್ಣಿನ ಬಲ ಕೊಡೋಣ ಅಂತ ಕ್ಯಾಸಿಸ್ ಬೇಸ್ (ಬ್ಲ್ಯಾಕ್‌ಕರಂಟ್ ಹಣ್ಣಿನ ವಾಸನೆಯ ಸಿದ್ಧ ಮಿಶ್ರಣ) ಹಾಕಿದ್ದನ್ನು ಮಾತ್ರ ಕೇಳಬೇಡಿ. ಪಕ್ಕದ ಮನೆಯ ಬೆಕ್ಕು ನಮ್ಮ ಬಾಲ್ಕನಿಗೆ ಬಂದು ಹೋಗಿದೆ ಅಂತ ಎಲ್ಲರೂ ತೀರ್ಮಾನಿಸಿದ್ದರು.

ಬೀಗ ತೆಗೆದಿದ್ದು ದವನ. ದೇವರ ಹೂವಿನ ಬುಟ್ಟಿಯಲ್ಲಿ ಇರುತ್ತದಲ್ಲ, ಅದೇ. ದವನದ ಎಣ್ಣೆ ಹೆಚ್ಚಾಗಿ ದಕ್ಷಿಣ ಭಾರತದಲ್ಲೇ ಆಗುವುದು, ಹೊರದೇಶದವರು ಇಲ್ಲಿಂದ ಕೊಂಡು ಒಯ್ಯುತ್ತಾರೆ. ನಾವು ಹೂಮಾಲೆಗೆ ಸೇರಿಸಿ ಮರೆತುಬಿಡುತ್ತೇವೆ. ಎಣ್ಣೆಯನ್ನು ಹಾಗೇ ಮೂಸಿದರೆ ಸೊಪ್ಪು, ಔಷಧಿ. ಶೇ 10ಕ್ಕೆ ಇಳಿಸಿ ಮೂಸಿದರೆ ಒಣ ಏಪ್ರಿಕಾಟು, ಸ್ವಲ್ಪ ರಮ್, ಹಣ್ಣು ಹುಳಿಯುವ ಮುಂಚಿನ ವಾಸನೆ. ನನಗೆ ದ್ರಾಕ್ಷಿಯಲ್ಲಿ ಕಳೆದುಹೋಗಿದ್ದು ರಸವಲ್ಲ, ಸಿಪ್ಪೆಯ ಒಗರು. ಬೆಂಗಳೂರು ಬ್ಲೂ ತಿನ್ನುವವರಿಗೆ ಗೊತ್ತು, ಅದರ ಮಜಾ ಇರುವುದು ಆ ದಪ್ಪ ಸಿಪ್ಪೆಯಲ್ಲಿ. ದವನ ಆ ಒಗರು ಕೊಟ್ಟಿತು. ಕೊಟ್ಟ ಕೂಡಲೇ ಶೇ 1ಕ್ಕಿಂತ ಕಮ್ಮಿ ಇದ್ದ ಆಂಥ್ರನಿಲೇಟೇ ಸಾಕಾಯಿತು.

ಈಗಿನ ಲೆಕ್ಕ, ನೆನಪಿನಿಂದ. 10 ಗ್ರಾಂ ಕಾನ್ಸಂಟ್ರೇಟಿಗೆ ಹೆಡಿಯೋನ್ (ತೆಳು ಮಲ್ಲಿಗೆ) 3.5 ಗ್ರಾಂ, ಎಥಿಲೀನ್ ಬ್ರಾಸಿಲೇಟ್ (ಕಸ್ತೂರಿ) 2, ಬೆಂಜೈಲ್ ಅಸಿಟೇಟ್ 1, ಫ್ಲೋರಾಲ್ 0.8, ಲಿನಲೂಲ್ 0.6, ಸ್ಯಾಂಬಾಕ್ 0.3, ಮಿಥೈಲ್ ಆಂಥ್ರನಿಲೇಟ್ 0.06 ಇರಬೇಕು. ಶೇ 10ರ ದವನ ನಾಲ್ಕೈದು ಹನಿ, ಶೇ 10ರ ಸಿ-14 ಎರಡು ಹನಿ, ಇಂಡೋಲ್ (ಬಾಡಿದ ಮಲ್ಲಿಗೆಯ ಘಾಟು) ನಿಮ್ಮ ಧೈರ್ಯದಷ್ಟು. ಕೂಡಿ ನೋಡಿದರೆ ಒಂದೂವರೆ ಗ್ರಾಂನಷ್ಟು ಕಮ್ಮಿ ಬರುತ್ತದೆ. ಅದು ಕಮ್ಮಿಯೇ ಬರಲಿ. ಅಲ್ಲಿ ಎರಡು ಸಾಮಾನಿವೆ, ಒಂದು ಮರದ್ದು, ಇನ್ನೊಂದು ನಿಮ್ಮ ಅಡುಗೆಮನೆಯಲ್ಲೇ ಇದೆ. ದವನವನ್ನು ಯಾವ ಹಂತದಲ್ಲಿ ಹಾಕಬೇಕು ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ. ನನಗೆ ಅದು ಏಳು ಬ್ಯಾಚು ತಿಂದಿದೆ. ಸ್ಪಿರಿಟ್‌ಗೆ ಶೇ 18, ಆರು ವಾರ ಕತ್ತಲಲ್ಲಿ. ನಾಲ್ಕು ವಾರಕ್ಕೇ ತೆಗೆದರೆ ಸೊಪ್ಪಿನ ವಾಸನೆ ಮುಂದೆ ಇರುತ್ತದೆ.

ಒಂದು ಎಚ್ಚರಿಕೆ. ದವನ ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಥರ. ನನ್ನ ಮೇಲೆ ದ್ರಾಕ್ಷಿ, ನನ್ನ ತಂಗಿ ಮೇಲೆ ಒಣದ್ರಾಕ್ಷಿ, ನಮ್ಮನೆಯವರ ಮೇಲೆ ಬರೀ ಮಲ್ಲಿಗೆ. ಅವರು ಈಗ ಯಾವುದನ್ನೂ ಬಟ್ಟೆ ಮೇಲೆ ಹೊಡೆಸಿಕೊಳ್ಳುವುದಿಲ್ಲ, ಕೈ ಚಾಚುತ್ತಾರೆ.

ಮೊದಲ ನಿಜವಾದ ಪರೀಕ್ಷೆ ಚೈತ್ರದ ಹುಣ್ಣಿಮೆಗೆ, ಕರಗದ ರಾತ್ರಿ. ಬೇಕಂತಲೇ ಆರಿಸಿದ್ದು. ತಿಗಳರಪೇಟೆಯಲ್ಲಿ ಅವತ್ತು ಗಾಳಿಯೇ ಮಲ್ಲಿಗೆ, ಜನ ಕರಗದ ಮೇಲೆ ಎರಚುವುದೂ ಮಲ್ಲಿಗೆ. ನಕಲಿ ಹೂವಾಗಿದ್ದರೆ ಅಲ್ಲಿ ಬಣ್ಣ ಬಯಲಾಗುತ್ತಿತ್ತು. ಹಿರಿಯರೂ ಬಂದಿದ್ದರು. ರಾತ್ರಿ ಎರಡೋ ಮೂರೋ ಗಂಟೆ. ಧರ್ಮರಾಯ ದೇವಸ್ಥಾನದ ಹತ್ತಿರದ ನೂಕುನುಗ್ಗಲಿನಲ್ಲಿ ಅವರು ಸುತ್ತ ನೋಡಿ, "ಈ ಹೊತ್ತಲ್ಲಿ ಯಾರಮ್ಮಾ ದ್ರಾಕ್ಷಿ ಮಾರ್ತಾ ಇರೋದು?" ಅಂದರು. ನಾನು ಮಣಿಕಟ್ಟು ಎತ್ತಿ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಮಾರನೇ ವಾರ ಫೋನ್ ಮಾಡಿ, ಒಂದು ಬಾಟಲಿ ಎಷ್ಟಕ್ಕೆ ಕೊಡುತ್ತೀ ಅಂತ ಕೇಳಿದರು. 650 ಅಂದೆ. ಚೌಕಾಸಿ ಮಾಡಲಿಲ್ಲ.

ಎರಡು ವರ್ಷಕ್ಕೆ ಒಟ್ಟು ಖರ್ಚು 38 ಸಾವಿರದ ಆಸುಪಾಸು, ತೂಕದ ಯಂತ್ರ ಬಿಟ್ಟು. 10 ಎಂಎಲ್‌ನ 13 ಬಾಟಲಿ ಮಾಡಿದ್ದೆ, 11 ಹೋದವು. ಏಳು ಸಾವಿರ ಚಿಲ್ಲರೆ ವಾಪಸ್ ಬಂದಿದೆ. ಈ ಲೆಕ್ಕವನ್ನು ನಮ್ಮನೆಯವರು ನನಗಿಂತ ಸರಿಯಾಗಿ ಇಟ್ಟಿದ್ದಾರೆ. ಉಳಿದ ಎರಡರಲ್ಲಿ ಒಂದು ಅತ್ತೆಯ ಬೀರುವಿನಲ್ಲಿದೆ. ಅವರು ಹಚ್ಚಿಕೊಳ್ಳುವುದಿಲ್ಲ, ಮುಚ್ಚಳ ಸಡಿಲ ಮಾಡಿ ಸೀರೆಗಳ ಮಧ್ಯೆ ಇಟ್ಟುಕೊಂಡಿದ್ದಾರೆ. ಬಿಳಿ ಸೀರೆ ಮಾತ್ರ ಬೇರೆ ಖಾನೆಗೆ ಹಾಕಿ ಅಂತ ಹೇಳಿದ್ದೇನೆ.