ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ನಾನು ತಾಳೆ ನೋಡಿದ್ದು

ಸೆಕೆಂಡ್ ಹ್ಯಾಂಡ್ ಕಾರಿಗಾಗಿ ಆನ್‌ಲೈನಿನಲ್ಲಿ ಹುಡುಕಲು ಹೊರಟಾಗ ನಾನು ಒಂದು ನಿಯಮ ಹಾಕಿಕೊಂಡಿದ್ದೆ. ಕಾರು, ಅದರ ದಾಖಲೆ, ಮಾರುವ ವ್ಯಕ್ತಿ, ಈ ಮೂರೂ ಒಂದಕ್ಕೊಂದು ತಾಳೆಯಾಗುವವರೆಗೆ ನನ್ನ ಖಾತೆಯಿಂದ ಬಿಡಿಗಾಸೂ ಹೊರಡಬಾರದು. ಎಂಜಿನ್ನಿನ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೆ; ಆದರೆ ತಾಳೆ ನೋಡುವುದಕ್ಕೆ ಮೆಕ್ಯಾನಿಕ್ ಆಗಿರಬೇಕಾಗಿಲ್ಲ.

ಮೊದಲ ಜರಡಿ ಬೆಲೆಯದು. ಒಂದೇ ಮಾದರಿಯ, ಒಂದೇ ವರ್ಷದ, ಹೆಚ್ಚುಕಡಿಮೆ ಅಷ್ಟೇ ಓಡಿರುವ ಕಾರುಗಳ ಜಾಹೀರಾತುಗಳನ್ನು ಒಟ್ಟಿಗೆ ನೋಡಿದರೆ ಮಾರುಕಟ್ಟೆಯ ದರ ತಾನಾಗಿಯೇ ಅಂದಾಜಿಗೆ ಸಿಗುತ್ತದೆ. ಅದಕ್ಕಿಂತ ತೀರಾ ಕಡಿಮೆ ಬೆಲೆ ಹೇಳಿದವರ ಬಳಿ ಸಾಮಾನ್ಯವಾಗಿ ಒಂದು ಕಥೆಯೂ ಸಿದ್ಧವಾಗಿರುತ್ತಿತ್ತು: ಸೇನೆಯಲ್ಲಿದ್ದೇನೆ, ದೂರದೂರಿಗೆ ವರ್ಗವಾಗಿದೆ, ಕಾರನ್ನು ಸಾಗಣೆ ಕಂಪನಿಯವರೇ ನಿಮ್ಮ ಮನೆಗೆ ತಲುಪಿಸುತ್ತಾರೆ, ಸದ್ಯಕ್ಕೆ ಮುಂಗಡ ಹಾಕಿದರೆ ಸಾಕು. ನಿಜವಾಗಿಯೂ ತುರ್ತಿದ್ದವರು ಯಾವುದಾದರೂ ಡೀಲರಿಗೆ ಮಾರಿ ಕೈ ತೊಳೆದುಕೊಳ್ಳಬಹುದು; ಗುರುತಿಲ್ಲದ ನನಗೇ ಅಗ್ಗಕ್ಕೆ ಕೊಡುತ್ತೇನೆಂದು ಅವರೇನು ಹರಕೆ ಹೊತ್ತಿದ್ದರೆ?

ಬೆಲೆ ಸರಿಯೆನಿಸಿದ ಜಾಹೀರಾತುಗಳ ಚಿತ್ರಗಳನ್ನು ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಹಾಕಿದೆ. ಅದೇ ಚಿತ್ರ ಬೇರೊಂದು ಊರಿನ ಬೇರೊಬ್ಬರ ಜಾಹೀರಾತಿನಲ್ಲಿ ಕಂಡರೆ ಆ ಮಾತುಕತೆ ಅಲ್ಲಿಗೇ ಮುಗಿಯುತ್ತಿತ್ತು. ಉಳಿದವರಿಗೆ, ವಿಡಿಯೊ ಕರೆಯಲ್ಲಿ ಕಾರಿನ ಸುತ್ತ ಒಮ್ಮೆ ನಡೆದು ಎಂಜಿನ್ ಚಾಲೂ ಮಾಡಿ ತೋರಿಸಿ ಎಂದು ಕೇಳುತ್ತಿದ್ದೆ. ಕಾರು ಕಣ್ಣೆದುರಿಗೇ ಇರುವವರಿಗೆ ಇದು ಐದು ನಿಮಿಷದ ಕೆಲಸ. ಇಲ್ಲದವರು ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಾರೆ.

ಕಾರನ್ನು ನೇರವಾಗಿ ನೋಡಲು ಹೋದಾಗ ನಾನು ಹೆಚ್ಚು ಹೊತ್ತು ಕಳೆದದ್ದು ಚಾಸಿ ನಂಬರಿನ, ಅಂದರೆ ತಯಾರಕರು ಪ್ರತಿ ಕಾರಿಗೂ ಬೇರೆಬೇರೆಯಾಗಿ ಕೊಡುವ ಗುರುತಿನ ಸಂಖ್ಯೆಯ ಮುಂದೆ. ಈಗಿನ ಕಾರುಗಳಲ್ಲಿ ಅದು 17 ಅಕ್ಷರ ಮತ್ತು ಅಂಕಿಗಳ ಸಾಲು. ಒಂದು, ಸೊನ್ನೆಗಳೊಂದಿಗೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಆದ್ದರಿಂದ ಆ ಅಕ್ಷರಗಳಿರುವ ನಂಬರನ್ನು ಯಾರಾದರೂ ಸಂದೇಶದಲ್ಲಿ ಕಳುಹಿಸಿದರೆ ಅದು ಕೈತಪ್ಪಾಗಿರಬೇಕು, ಇಲ್ಲವೇ ಕಟ್ಟುಕಥೆಯಾಗಿರಬೇಕು. ಕಾರಿನ ಲೋಹದ ಮೈಮೇಲೆ ಕೊರೆದ ನಂಬರು, ಕಾರಿನಲ್ಲಿ ಅಂಟಿಸಿದ ಫಲಕದ ನಂಬರು, ನೋಂದಣಿ ದಾಖಲೆಯ ನಂಬರು, ಇವನ್ನು ಅಕ್ಷರ ಅಕ್ಷರವಾಗಿ ಓದಿ ಹೋಲಿಸಿದೆ. ಕೊರೆದ ಜಾಗದಲ್ಲಿ ಉಜ್ಜಿದ ಗುರುತು, ಹೊಸ ಬಣ್ಣ, ಸಾಲು ತಪ್ಪಿದ ಅಕ್ಷರಗಳೇನಾದರೂ ಇವೆಯೇ ಎಂದು ಬೆರಳಾಡಿಸಿಯೂ ನೋಡಿದೆ. ಕದ್ದ ಕಾರಿಗೆ ಅದೇ ಮಾದರಿಯ ಇನ್ನೊಂದು ಕಾರಿನ ನಂಬರು ಹಾಕಿ ಮಾರುವ ದಂಧೆ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ.

ಕಾರು ಓಡಿದ ಕಿಲೋಮೀಟರು ತೋರಿಸುವ ಓಡೋಮೀಟರ್ ಹೇಳಿದ್ದನ್ನು ನಾನು ಸಾಕ್ಷ್ಯವೆಂದು ತೆಗೆದುಕೊಳ್ಳಲಿಲ್ಲ. ಡಿಜಿಟಲ್ ಆದ ಮಾತ್ರಕ್ಕೆ ಅದನ್ನು ಹಿಂದಕ್ಕೆ ತಿರುಗಿಸಲಾಗದು ಎಂಬುದು ತಪ್ಪು ತಿಳಿವಳಿಕೆ. ನೋಡಬೇಕಾದದ್ದು ಬ್ರೇಕ್ ಪೆಡಲಿನ ರಬ್ಬರು, ಚಾಲಕನ ಸೀಟಿನ ಅಂಚು, ಸ್ಟೀರಿಂಗಿನ ಸವೆತ, ಸರ್ವಿಸ್ ಬಿಲ್ಲುಗಳಲ್ಲಿ ಬರೆದ ಕಿಲೋಮೀಟರುಗಳು. ಟಯರಿನ ಪಕ್ಕದಲ್ಲಿ ತಯಾರಿಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. ನಾನು ನೋಡಿದ ಒಂದು ಕಾರು 2019ರದು, 20 ಸಾವಿರ ಕಿಲೋಮೀಟರ್ ಮಾತ್ರ ಓಡಿದ್ದೆಂದು ಹೇಳಿದ್ದರು. ನಾಲ್ಕೂ ಟಯರುಗಳ ಮೇಲೆ 2322 ಎಂದಿತ್ತು, ಅಂದರೆ 2022ರ 23ನೆಯ ವಾರ. ಅಷ್ಟು ಕಡಿಮೆ ಓಡಿದ ಕಾರಿಗೆ ನಾಲ್ಕೂ ಟಯರುಗಳನ್ನು ಏಕೆ ಬದಲಿಸಬೇಕಾಯಿತು ಎಂಬ ಪ್ರಶ್ನೆಗೆ ಅವರು ಉತ್ತರಿಸಲಿಲ್ಲ, ಬೆಲೆ ಇಳಿಸಿದರು. ನಾನು ಅಲ್ಲಿಂದ ಹೊರಟೆ.

ನೆರೆಯಲ್ಲಿ ಮುಳುಗಿದ ಕಾರನ್ನು ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುತ್ತಿದ್ದೆ. ಒಳಾಂಗಣವನ್ನು ಎಷ್ಟೇ ತೊಳೆದಿದ್ದರೂ ಸುರುಳಿಯೊಳಗೆ ಉಳಿಯುವ ಪಟ್ಟಿಯ ಮೇಲಿನ ಕೆಸರಿನ ಕಲೆಯನ್ನು ಅನೇಕರು ಮರೆತಿರುತ್ತಾರೆ. ಕೊನೆಗೆ ಆಯ್ದುಕೊಂಡ ಕಾರನ್ನು ನನಗೆ ಗೊತ್ತಿದ್ದ ಮೆಕ್ಯಾನಿಕ್ಕಿಗೆ ತೋರಿಸಿದೆ. ಮಾರುವವರೇ ಸೂಚಿಸಿದ ಗ್ಯಾರೇಜಿನ ವರದಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಣದ ವಿಷಯದಲ್ಲಿ ಮಾತ್ರ ನಾನು ಒರಟನಾಗಿಯೇ ಇದ್ದೆ. ಕಾರು ಕೈಸೇರುವವರೆಗೆ ಹಣವನ್ನು ಮೂರನೆಯವರು ಇಟ್ಟುಕೊಳ್ಳುವ ಮಧ್ಯವರ್ತಿ ಖಾತೆಯಲ್ಲಿ ಅದು ಭದ್ರವಾಗಿರುತ್ತದೆ ಎಂದು ಮಾರುವವರೇ ಕಳುಹಿಸಿದ ಲಿಂಕನ್ನು ತೆರೆಯಲಿಲ್ಲ, ಗುರುತು ಖಾತ್ರಿಗೆಂದು ಕೇಳಿದ ಒಟಿಪಿಯನ್ನು ಕೊಡಲಿಲ್ಲ. ನೋಂದಣಿ ದಾಖಲೆಯಲ್ಲಿರುವ ಹೆಸರು, ಮಾರುವವರ ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿರಬೇಕು ಎಂದು ಮೊದಲೇ ತಿಳಿಸಿದ್ದೆ. ತಮ್ಮನ ಖಾತೆಗೆ ಹಾಕಿ ಎಂಬಂಥ ಮಾತಿಗೆ ಒಪ್ಪಲಿಲ್ಲ. ಕೊಂಡ ಕಾರಿನ ಮೇಲೆ ಹಳೆಯ ಸಾಲವೊಂದಿತ್ತು. ಅದು ತೀರಿದೆ ಎಂಬ ಪತ್ರವನ್ನು ಸಾಲ ಕೊಟ್ಟ ಸಂಸ್ಥೆಯಿಂದಲೇ ಖಚಿತಪಡಿಸಿಕೊಂಡು, ವರ್ಗಾವಣೆಯ ಕಾಗದಗಳಿಗೆ ಇಬ್ಬರೂ ಸಹಿ ಮಾಡಿ, ಎರಡೂ ಕೀಲಿಗಳು ಕೈಸೇರಿದ ಮೇಲೆ, ಬ್ಯಾಂಕಿನಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪೂರ್ತಿ ಹಣವನ್ನು ಅವರ ಖಾತೆಗೆ ವರ್ಗಾಯಿಸಿದೆ.