ಕೊಂಬು ಬಿಡಿ, ಕಾಲು ನೋಡಿ: ಕೊಂಡುಕುರಿ ಗುರುತಿಸಲು ಕಲಿತ ನನ್ನ ಅನುಭವ

ಒಣಕಾಡಿನ ಸಣ್ಣ ಹುಲ್ಲೆ ಕೊಂಡುಕುರಿ ಅಂದಕೂಡಲೇ ಎಲ್ಲರ ಬಾಯಲ್ಲಿ ಬರುವುದು ಅದರ ನಾಲ್ಕು ಕೊಂಬು. ಸುಳ್ಳೇನಲ್ಲ, ಜಗತ್ತಿನ ಬೇರೆ ಯಾವ ಕಾಡುಪ್ರಾಣಿಗೂ ನಾಲ್ಕು ಕೊಂಬಿಲ್ಲ. ಆದರೆ ಕಾಡಿನಲ್ಲಿ ನಿಂತು ಗುರುತು ಹಿಡಿಯುವವನಿಗೆ ಇದರಷ್ಟು ಕೆಲಸಕ್ಕೆ ಬಾರದ ಗುರುತು ಇನ್ನೊಂದಿಲ್ಲ. ಹೆಣ್ಣಿಗೆ ಕೊಂಬೇ ಇರುವುದಿಲ್ಲ. ಗಂಡುಮರಿಗೆ ಮೊದಲು ಮೂಡುವುದು ಕಿವಿಗಳ ನಡುವಿನ ಹಿಂದಿನ ಜೋಡಿ. ಹಣೆಯ ಮೇಲಿನ ಮುಂದಿನ ಜೋಡಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ವರ್ಷ ತುಂಬಿರುತ್ತದೆ. ಪೂರ್ತಿ ಬೆಳೆದ ಗಂಡಿನಲ್ಲೂ ಹಿಂದಿನದು 8–10 ಸೆಂ.ಮೀ., ಮುಂದಿನದು 2–5 ಸೆಂ.ಮೀ. ಅಷ್ಟೇ. ಅದರಲ್ಲೂ ನಮ್ಮ ದಕ್ಷಿಣ ಭಾರತದ ಕೊಂಡುಕುರಿಗಳಲ್ಲಿ ಮುಂದಿನ ಜೋಡಿ ಎಷ್ಟೋ ಸಲ ಬರೀ ಗುಬುಟು, ಕೆಲವಕ್ಕೆ ಅದೂ ಇಲ್ಲ. ಲಂಟಾನ ಪೊದೆಯ ಸಂದಿಯಿಂದ ಅರೆಕ್ಷಣ ಕಂಡು ಮಾಯವಾಗುವ ಪ್ರಾಣಿಯ ತಲೆಯ ಮೇಲೆ ಈ ಗುಬುಟನ್ನು ಎಣಿಸಿಕೊಂಡು ಕೂರಲಾಗುತ್ತದೆಯೇ?

ನನ್ನದು ಭದ್ರಾವತಿ ಕಡೆ ಅಡಿಕೆ ತೋಟ. ಹುಲಿ ಗಣತಿಗೆ ಸ್ವಯಂಸೇವಕರು ಬೇಕು ಎಂದಾಗ ಹೆಸರು ಕೊಟ್ಟೆ. ಅಲ್ಲಿಂದ ಈ ಹುಚ್ಚು ಹಿಡಿಯಿತು. ಗಣತಿ ಅಂದರೆ ಹುಲಿಯೊಂದನ್ನೇ ಎಣಿಸುವುದಲ್ಲ, ಹುಲಿಗೆ ಆಹಾರವಾಗುವ ಪ್ರಾಣಿಗಳ ಲೆಕ್ಕವೂ ಬೇಕು. ಕಾಡಿನಲ್ಲಿ ಮೊದಲೇ ಗುರುತು ಮಾಡಿಟ್ಟ ಎರಡು ಕಿಲೋಮೀಟರ್ ಟ್ರಾನ್ಸೆಕ್ಟ್ ಗೆರೆಯ ಮೇಲೆ ಬೆಳಗಿನ ಜಾವ ಸದ್ದಿಲ್ಲದೆ ನಡೆಯಬೇಕು. ಕಂಡ ಪ್ರಾಣಿ ಯಾವುದು, ಎಷ್ಟು, ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿ ಎಂದು ಬರೆದುಕೊಳ್ಳಬೇಕು. ದೂರಕ್ಕೆ ರೇಂಜ್‌ಫೈಂಡರ್, ದಿಕ್ಕಿಗೆ ದಿಕ್ಸೂಚಿ. ಜಿಂಕೆ, ಕಡವೆ, ಕಾಟಿ ಇವುಗಳಲ್ಲಿ ಯಾರಿಗೂ ಗೊಂದಲವಿಲ್ಲ. ತಕರಾರು ಶುರುವಾಗುವುದು ಸಣ್ಣ, ಕಂದು ಬಣ್ಣದ, ಒಂಟಿಯಾಗಿ ಓಡುವ ಪ್ರಾಣಿ ಎದುರಾದಾಗ. ಅದು ಕಾಡುಕುರಿಯೋ, ಕೊಂಡುಕುರಿಯೋ?

ಮಲೆನಾಡಿನವರಿಗೆ ಕಾಡುಕುರಿ ದಿನಾ ಕಾಣುವ ಪ್ರಾಣಿ. ತೋಟದ ಅಂಚಿನಲ್ಲಿ ನಿಂತು ನಾಯಿಯ ಹಾಗೆ ಬೊಗಳುವುದು ಅದೇ. ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು "ನಮ್ಮ ತೋಟಕ್ಕೆ ದಿನಾ ಕೊಂಡುಕುರಿ ಬರ್ತದೆ ಮಾರಾಯ್ರೇ" ಅಂದರೆ ನಾನು ಈಗ ಕೇಳುವುದು ಒಂದೇ ಮಾತು: ನಿಮ್ಮ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆಯೋ ಇಲ್ಲವೋ? ಆಗುಂಬೆಯಂಥ ನಿತ್ಯಹಸಿರು ಕಾಡಿನಲ್ಲಿ ಕೊಂಡುಕುರಿ ಹುಡುಕುವುದು ವ್ಯರ್ಥ. ಅದಕ್ಕೆ ಬೇಕಾದದ್ದು ಎಲೆ ಉದುರುವ, ನಡುನಡುವೆ ಹುಲ್ಲು ಬೆಳೆದ, ಏರುತಗ್ಗಿನ ಒಣಕಾಡು. ಹತ್ತಿರದಲ್ಲಿ ನೀರೂ ಇರಬೇಕು. ಭದ್ರಾ ಅಭಯಾರಣ್ಯದಲ್ಲಿ ಲಕ್ಕವಳ್ಳಿ ಕಡೆಗೆ ತೇಗ, ಮತ್ತಿ, ದಿಂಡಿಗ, ನೆಲ್ಲಿ ಇರುವ ಇಂಥ ಜಾಗಗಳಿವೆ. ನೆಲ್ಲಿಕಾಯಿ, ಬೋರೆಹಣ್ಣು ಅಂದರೆ ಅದಕ್ಕೆ ಇಷ್ಟ. ಎಲೆ, ಚಿಗುರು, ಉದುರಿದ ಹೂವನ್ನೂ ಬಿಡುವುದಿಲ್ಲ.

ನನಗೆ ಗುರುತು ಕಲಿಸಿದವರು ನಮ್ಮ ತಂಡದಲ್ಲಿದ್ದ ಹಿರಿಯ ವಾಚರ್ ಒಬ್ಬರು. ನಾನು ಬೈನಾಕ್ಯುಲರ್ ಎತ್ತಿ ತಲೆಯನ್ನೇ ಹುಡುಕುತ್ತಿದ್ದರೆ ಅವರು ಪಿಸುಗುಡುತ್ತಿದ್ದರು, "ಮೇಲೆ ಎಂತ ನೋಡ್ತೀರಿ ಸಾರ್, ಮುಂಗಾಲು ನೋಡಿ." ಆಮೇಲೆ ಒಂದು ಬೆಳಗ್ಗೆ ತೇಗದ ಒಣ ಎಲೆ ಹಾಸಿದ ಇಳಿಜಾರಿನಲ್ಲಿ ಒಂದು ಹೆಣ್ಣು ಸಿಕ್ಕಿತು. ಮೇಕೆಯಷ್ಟು ಎತ್ತರ. ಬಣ್ಣ ಮಾಸಲು ಕಂದು, ಹೊಳಪಿಲ್ಲ. ಹೊಟ್ಟೆಯ ಕೆಳಗೂ ಕಾಲಿನ ಒಳಬದಿಗೂ ಬಿಳಿ. ಕಿವಿ ದೊಡ್ಡದು, ಮೂತಿ ಕಪ್ಪು. ಮುಂಗಾಲಿನ ಮುಂಭಾಗದಲ್ಲಿ ಮೇಲಿಂದ ಕೆಳಕ್ಕೆ ಒಂದು ಕಪ್ಪು ಪಟ್ಟೆ, ಮಸಿಬಟ್ಟೆಯಿಂದ ಒರೆಸಿ ಬಿಟ್ಟಂತೆ. ಕಾಲಂತೂ ಕಡ್ಡಿ. ನಮ್ಮನ್ನು ಕಂಡದ್ದೇ ಎತ್ತಿದ ಕಾಲನ್ನು ಕೆಳಗಿಡದೆ ನಿಂತುಬಿಟ್ಟಿತು. ಒಂದು ಕಿವಿ ಮಾತ್ರ ಆಡುತ್ತಿತ್ತು. ದೂರ ಅಳೆದು ಬರೆದುಕೊಳ್ಳುವಷ್ಟು ಹೊತ್ತು ನಿಂತದ್ದು, ಆಮೇಲೆ ಗಂಟಲು ಕಟ್ಟಿದಂಥ ಒರಟು ಸದ್ದೊಂದನ್ನು ಮಾಡಿ ಕುಪ್ಪಳಿಸಿ ಹೋಯಿತು.

ಕಾಡುಕುರಿ ಹೀಗಲ್ಲ. ಅದರ ಮೈ ಕೆಂಪು, ಹೊಳಪಿನದು. ಹಣೆಯಿಂದ ಕೋಡಿನ ಬುಡದವರೆಗೆ ಎರಡು ಏಣು ಎದ್ದಿರುತ್ತವೆ. ಬಾಲ ಎತ್ತಿ ಓಡಿದರೆ ಅಡಿಭಾಗದ ಬಿಳಿ ಹೊಡೆದು ಕಾಣುತ್ತದೆ. ಗಾಬರಿಯಾದರೆ ಒಂದು ಸದ್ದಿಗೆ ನಿಲ್ಲಿಸುವುದಿಲ್ಲ, ಬೊಗಳುತ್ತಲೇ ಇರುತ್ತದೆ. ಮುಖ್ಯವಾಗಿ ಅದು ಜಿಂಕೆಯ ಜಾತಿ: ವರ್ಷಕ್ಕೊಮ್ಮೆ ಕೋಡು ಉದುರಿಸಿ ಹೊಸದು ಬೆಳೆಸುತ್ತದೆ. ಕೊಂಡುಕುರಿಯದು ದನ, ಮೇಕೆಗಳ ಕುಟುಂಬ. ಎಲುಬಿನ ತಿರುಳಿನ ಮೇಲೆ ಕೊಂಬಿನ ಕವಚ. ಕವಲಿಲ್ಲ, ಉದುರುವುದೂ ಇಲ್ಲ. ಅದರ ಹತ್ತಿರದ ಸಂಬಂಧಿ ಯಾರೆಂದರೆ ಕುದುರೆ ಗಾತ್ರದ ನೀಲಗಾಯ್. ಇಪ್ಪತ್ತು ಕಿಲೋ ಆಚೀಚೆ ತೂಗುವ, ಭುಜದ ಬಳಿ 55ರಿಂದ 64 ಸೆಂ.ಮೀ. ಎತ್ತರದ ಪ್ರಾಣಿಗೆ ಇಂಥ ದಾಯಾದಿ! ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪ ಮೃಗಾಲಯಕ್ಕೆ ಹೋಗಿ ನೀಲಗಾಯ್ ನೋಡಿ ಬಂದ ಮೇಲೂ ನನಗೆ ಇದನ್ನು ನಂಬುವುದು ಕಷ್ಟವಾಗಿತ್ತು.

ಪ್ರಾಣಿ ಕಾಣದಿದ್ದರೂ ಅದು ಇದೆ ಎಂದು ಹೇಳುವ ದಾರಿ ಹಿಕ್ಕೆ. ನನ್ನ ಮಟ್ಟಿಗೆ ಕಣ್ಣಿಗೆ ಬೀಳುವುದಕ್ಕಿಂತ ಇದೇ ಹೆಚ್ಚು ನಂಬಿಕೆಯದು. ಜಿಂಕೆ ಮೇಯುತ್ತ ಹೋದಲ್ಲೆಲ್ಲ ಹಿಕ್ಕೆ ಚೆಲ್ಲುತ್ತದೆ. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಾಕುತ್ತದೆ. ರಾಶಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಬಿಡಿಸಿ ನೋಡಿದರೆ ತಳದಲ್ಲಿ ಬಿಳಿಚಿ ಪುಡಿಯಾಗುತ್ತಿರುವವು, ಮಧ್ಯೆ ಬಿರುಕು ಬಿಟ್ಟ ಒಣಗಿದವು, ಮೇಲೆ ಇನ್ನೂ ಹಸಿ ಹೊಳಪು ಆರದ ಕಪ್ಪು ಹಿಕ್ಕೆ. ಹೀಗೆ ಹಳೆಯದು ಹೊಸದು ಒಂದೇ ಕಡೆ ಸೇರಿದ್ದರೆ ಅದು ಯಾವುದೋ ಪ್ರಾಣಿ ಹಾದುಹೋದ ಗುರುತಲ್ಲ, ಇದ್ದು ಬಾಳುವ ಪ್ರಾಣಿಯ ಗುರುತು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡುತ್ತೇನೆ. ಕೊಂಡುಕುರಿಗೆ ಕಣ್ಣಿನ ಮುಂದೆ ಉದ್ದ ಸೀಳಿನಂಥ ವಾಸನೆಯ ಗ್ರಂಥಿಯೂ ಇದೆ, ಹಿಂಗಾಲಿನ ಹುಸಿಗೊರಸುಗಳ (ಗೊರಸಿನ ಹಿಂದೆ ತುಸು ಮೇಲಿರುವ ಸಣ್ಣ ಗೊರಸು) ನಡುವೆಯೂ ಇದೆ. ಅದರ ವ್ಯವಹಾರವೆಲ್ಲ ಮೂಗಿನದು. ಹಾಗಾಗಿ ರಾಶಿಯನ್ನು ಕೆದಕಿದಷ್ಟು ಸಾಕು ಅನ್ನಿಸಿದ ಕೂಡಲೇ ಬಿಟ್ಟು ಬರುವುದು ಒಳ್ಳೆಯದು.

ಇನ್ನು ವಯಸ್ಸು. ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಕ್ಕೆಂದೇ ಅಭಯಾರಣ್ಯವಿದೆ. ಅಲ್ಲಿ ನಿಂತು ಗಂಡಿನ ವಯಸ್ಸು ಅಂದಾಜು ಮಾಡುವುದು ಸುಲಭ: ಮೈ ಎಷ್ಟು ಕಪ್ಪಾಗಿದೆ, ಕೊಂಬಿನ ಸುರುಳಿ ಎಷ್ಟು ಬೆಳೆದಿದೆ ನೋಡಿದರೆ ಸಾಕು. ಕೊಂಡುಕುರಿ ಅಂಥ ಸುಳಿವು ಕೊಡುವುದಿಲ್ಲ. ಕೊಂಬು ನುಣುಪು, ಉಂಗುರಗಳಿಲ್ಲ, ಮೈಬಣ್ಣವೂ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ನನ್ನ ಪುಸ್ತಕದಲ್ಲಿ ಮೂರೇ ಕಾಲಂ: ಮರಿ, ಎಳೆಯದು, ಬೆಳೆದದ್ದು. ಎಂಟು ತಿಂಗಳ ಗಬ್ಬ, ಒಂದೋ ಎರಡೋ ಮರಿ. ಹುಟ್ಟಿದ ಮರಿ ಒಂದು ಕಿಲೋ ತೂಗಿದರೆ ಹೆಚ್ಚು. ಸುಮಾರು ಒಂದು ವರ್ಷ ತಾಯಿಯ ಜೊತೆಗೇ ಇರುತ್ತದೆ. ಆದ್ದರಿಂದ ಜೊತೆಯಾಗಿ ಕಂಡ ಎರಡನ್ನೂ ಗಂಡು-ಹೆಣ್ಣಿನ ಜೋಡಿ ಎಂದು ಬರೆಯಲು ಅವಸರ ಮಾಡಬಾರದು, ತಾಯಿ-ಮಗಳೂ ಇರಬಹುದು. ಮೃಗಾಲಯದಲ್ಲಿ ಸಾಕಿದ ಕೊಂಡುಕುರಿಯ ಆಯಸ್ಸು ಸುಮಾರು ಹತ್ತು ವರ್ಷ. ಕಾಡಿನಲ್ಲಿ ಹುಲಿ, ಚಿರತೆ, ಸೀಳುನಾಯಿಗಳ ನಡುವೆ ಅದನ್ನು ಪೂರ್ತಿ ಬಾಳುವ ಪ್ರಾಣಿ ಅದೃಷ್ಟವಂತ.

ಕಲಿಯಬೇಕೆನ್ನುವವರಿಗೆ ನಾನು ಹೇಳುವುದು ಬೇಸಿಗೆಯಲ್ಲಿ ಕಲಿಯಿರಿ ಎಂದು. ಎಲೆ ಉದುರಿದ ಕಾಡಿನಲ್ಲಿ ಕಣ್ಣು ದೂರ ಹರಿಯುತ್ತದೆ. ಕೊಂಡುಕುರಿಗೆ ಪದೇ ಪದೇ ನೀರು ಬೇಕಾದ್ದರಿಂದ ಅದು ಹಳ್ಳದ ಗುಂಡಿಗಳಿಂದ ಬಹಳ ದೂರ ಹೋಗುವುದಿಲ್ಲ. ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು, ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ಗಣತಿಗೆ ಸ್ವಯಂಸೇವಕರಾಗಿ ಸೇರುವುದೇ ನೇರ ದಾರಿ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಕೊಂಡುಕುರಿಗೆಂದೇ ಅಭಯಾರಣ್ಯ ಘೋಷಣೆಯಾಗಿದೆ. ನಮ್ಮ ಕಡೆಯ ದಟ್ಟ ಕಾಡಿಗಿಂತ ಅಲ್ಲಿಯ ಕುರುಚಲು ಬಯಲಾದ್ದರಿಂದ ನೋಡಲು ಸಲೀಸು. ಹೋಗುವಾಗ ಹಸಿರು ಅಥವಾ ಮಾಸಲು ಬಟ್ಟೆ ಹಾಕಿ, ಸೆಂಟು ಬೇಡ, ಮೊಬೈಲ್ ಸೈಲೆಂಟ್‌ನಲ್ಲಿರಲಿ. ಪ್ರಾಣಿ ಎದುರಾದರೆ ಮೊದಲು ಕಾಲಿನ ಪಟ್ಟೆ, ಆಮೇಲೆ ಮೈಬಣ್ಣ, ಆಮೇಲೆ ಬಾಲ. ಇಷ್ಟಾದ ಮೇಲೂ ಅದು ನಿಂತೇ ಇದ್ದರೆ ಕೊಂಬು ಎಣಿಸಿಕೊಳ್ಳಿ.